ಕತ್ತಲನಾಡು ಬುರುಡೆ ಅಲ್ಲ!



ಕಳೆದ ಸಂಚಿಕೆಯಲ್ಲಿ ನಾನು 'ಕತ್ತಲನಾಡು' ಎಂಬ ಕತೆ ಬರೆದಿದ್ದೆ. ಅದರಲ್ಲಿ ಮೊಣಕಾಲಿರುವ ಮರಗಳಿದ್ದವು. ಗಡ್ಡದ ಮಂಗ, ಹೆಂಡತಿಯನ್ನು ಗೋಡೆಯೊಳಗೆ ಕೂಡಿಹಾಕುವ ಹಕ್ಕಿ, ಮಣ್ಣು ಮೆತ್ತುವ ಕಪ್ಪೆ, ಹಾರುವ ಓತಿ ಇದ್ದವು. ಓದಿದವರು "ತಲೆಬುಡ ಇಲ್ಲ" ಎಂದು ನಕ್ಕರು. ಯಾರೋ ಒಬ್ಬರು ಕತೆಯ ಕೆಳಗೆ ಪೆನ್ಸಿಲಿನಲ್ಲಿ "ಬುರುಡೆ" ಅಂತ ಬರೆದೂ ಹೋಗಿದ್ದರು. ಅದಕ್ಕೇ ಈ ಲೇಖನ. ಕತೆಯಲ್ಲಿ ನಾಡಿನ ಹೆಸರು ಮಾತ್ರ ನಾನು ಕಟ್ಟಿದ್ದು. ಉಳಿದದ್ದೆಲ್ಲ ನಮ್ಮ ಹೊನ್ನಾವರ, ಕುಮಟಾ ಘಟ್ಟದಲ್ಲಿ ನಿಜವಾಗಿಯೂ ಇದೆ.

ಈ ನಾಡು ಎಲ್ಲಿದೆ?

ಪಕ್ಕದ ನಕ್ಷೆ ನೋಡಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಅದರ ಬದಿಗೆ ಹೊಯ್ಗೆ, ತೆಂಗು, ಗದ್ದೆ. ಆಮೇಲೆ ಚಿರೆಕಲ್ಲಿನ ಗುಡ್ಡ. ಅದರ ಹಿಂದೆ ಗೋಡೆ ಕಟ್ಟಿದ ಹಾಗೆ ನಿಂತದ್ದು ಸಹ್ಯಾದ್ರಿ. ಸಮುದ್ರದಿಂದ ಬಂದ ಮೋಡ ಈ ಗೋಡೆಗೆ ತಾಗಿ ಮಳೆ ಸುರಿಸುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು!

ಈ ನಾಡಿಗೆ ದೊಡ್ಡ ಹೊಳೆ ಎರಡು. ಶರಾವತಿ ಜೋಗದಲ್ಲಿ 253 ಮೀಟರ್ ಕೆಳಗೆ ಬಿದ್ದು, ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಅಘನಾಶಿನಿ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲೂಕಿನಲ್ಲಿ ಸಮುದ್ರಕ್ಕೆ ಸೇರುತ್ತದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಆಯಿತು. ಅಘನಾಶಿನಿಗೆ ಅಡ್ಡಲಾಗಿ ಒಂದು ದೊಡ್ಡ ಅಣೆಕಟ್ಟೂ ಇಲ್ಲ.

ಕತೆಯಲ್ಲಿ ರಾಕ್ಷಸನ ಕೋಟೆ ಇತ್ತಲ್ಲ, ಅದು ಕುಮಟಾ ತಾಲೂಕಿನ ಯಾಣ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ. ಶಿವನಿಂದ ವರ ಪಡೆದ ಭಸ್ಮಾಸುರ ಮೋಹಿನಿಯ ಕುಣಿತಕ್ಕೆ ಮರುಳಾಗಿ ತನ್ನ ತಲೆ ಮೇಲೆ ತಾನೇ ಕೈಯಿಟ್ಟು ಸುಟ್ಟುಹೋದದ್ದು ಇಲ್ಲೇ, ಅಲ್ಲಿಯ ಕಪ್ಪು ಮಣ್ಣು ಅವನ ಬೂದಿ ಎಂದು ಹಿರಿಯರು ಹೇಳುತ್ತಾರೆ. ವಿಜ್ಞಾನ ಹೇಳುವುದು ಬೇರೆ. ಅದು ಕಪ್ಪು ಸುಣ್ಣಕಲ್ಲು. ಲಕ್ಷಾಂತರ ವರ್ಷದ ಮಳೆ ಕಲ್ಲನ್ನು ಕರಗಿಸಿ ಕೊರೆದು ಆ ಆಕಾರ ಮಾಡಿದೆ. ಎರಡನ್ನೂ ತಿಳಿದುಕೊಂಡು ನೋಡಿದರೆ ಯಾಣ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಕಾಡಿನೊಳಗೆ ಮುಳುಗಿದ ಪಟ್ಟಣವೂ ಉಂಟು. ಅದು ಗೇರುಸೊಪ್ಪೆಯ ನಗರಬಸ್ತಿಕೇರಿ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿ ಆಳಿದ ಊರು. ಈಗ ಅಲ್ಲಿ ಚತುರ್ಮುಖ ಬಸದಿಯ ನಾಲ್ಕೂ ಬಾಗಿಲಿಗೆ ಕಾಡೇ ಕಾವಲು.

ನಾಡಿನ ನಡುಮನೆ: ಕತ್ತಲೆಕಾನು

ಹೊನ್ನಾವರದಿಂದ ಜೋಗಕ್ಕೆ ಬಸ್ಸಿನಲ್ಲಿ ಹೋದವರು ಇದನ್ನು ದಾಟಿದ್ದೀರಿ, ಆದರೆ ನಿದ್ದೆ ಮಾಡಿರುತ್ತೀರಿ! ಮಾಲೆಮನೆ ಘಟ್ಟ ಹತ್ತಿದ ಮೇಲೆ ರಸ್ತೆ ಬದಿಗೆ ಬರುವುದೇ ಕತ್ತಲೆಕಾನು. ತಾಲೂಕು ಸಿದ್ದಾಪುರ, ಆದರೆ ಅಲ್ಲಿಯ ನೀರು ಇಳಿಯುವುದು ಶರಾವತಿಗೆ. 'ಕಾನು' ಎಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ಹಿಂದಿನವರು ಇಂಥ ಕಾನುಗಳಲ್ಲಿ ಚೌಡಿ, ಜಟಕ, ಹುಲಿದೇವರನ್ನು ಕೂಡಿಸಿ, ಕೊಡಲಿ ಹಾಕದೆ ಕಾಪಾಡಿದ್ದರು.

ಈ ಕಾನಿನ ತಗ್ಗಿನಲ್ಲಿ ಹಳ್ಳದ ಬದಿಗೆ ಸದಾ ಕೆಸರಿರುವ ಜಾಗ ಇದೆ. ಇದಕ್ಕೆ ರಾಮಪತ್ರೆ ಜಡ್ಡಿ ಎಂದು ಹೆಸರು. ಜಾಯಿಕಾಯಿ ಕುಟುಂಬದ ಮರಗಳು ಇಲ್ಲಿ ಬೆಳೆಯುತ್ತವೆ. ಕೆಸರಿನೊಳಗೆ ಗಾಳಿ ಇಲ್ಲ. ಬೇರಿಗೂ ಉಸಿರು ಬೇಕಲ್ಲ? ಅದಕ್ಕೆ ಒಂದು ಜಾತಿಯ ಮರ ಬೇರನ್ನು ಕೆಸರಿನಿಂದ ಮೇಲೆತ್ತಿ, ಮಡಚಿ, ಪುನಃ ಒಳಗೆ ಇಳಿಸುತ್ತದೆ. ನೋಡಲಿಕ್ಕೆ ಥೇಟು ಮೊಣಕಾಲು! ಇನ್ನೊಂದು ಜಾತಿ ಕಾಂಡದಿಂದಲೇ ಉದ್ದುದ್ದ ಬೇರು ಇಳಿಸಿ ಊರುಗೋಲು ಹಿಡಿದ ಅಜ್ಜನ ಹಾಗೆ ನಿಲ್ಲುತ್ತದೆ. ಇದೇ ಕಾನಿನಿಂದ 2000ನೇ ಇಸವಿಯಲ್ಲಿ ಗೇರು, ಮಾವಿನ ಕುಟುಂಬದ ಒಂದು ಹೊಸ ಮರವನ್ನು ವಿಜ್ಞಾನಿಗಳು ಲೋಕಕ್ಕೆ ತಿಳಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಇದೆ.

ನಾಡಿನ ಪ್ರಜೆಗಳು

ಸಿಂಗಳೀಕ: ಮೈ ಕಪ್ಪು, ಮುಖದ ಸುತ್ತ ಬೂದಿಬಣ್ಣದ ಕೇಸರ, ಬಾಲದ ತುದಿಗೆ ಸಿಂಹದಂತೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇದು ಇಲ್ಲ. ನಮ್ಮ ಅಘನಾಶಿನಿ ಕಣಿವೆಯೇ ಇದರ ರಾಜ್ಯದ ಉತ್ತರದ ಗಡಿ. ಇದು ಮರದ ಮೇಲಿನಿಂದ ಮೇಲೇ ದಾಟುತ್ತದೆ, ನೆಲಕ್ಕೆ ಇಳಿಯುವುದು ಅಪರೂಪ. 2011ರಲ್ಲಿ ಸುಮಾರು 300 ಚದರ ಕಿ.ಮೀ. ಕಾಡನ್ನು ಇದಕ್ಕಾಗಿ ಮೀಸಲಿಟ್ಟರು. 2019ರಲ್ಲಿ ಅದಕ್ಕೆ ಶರಾವತಿ ಕಣಿವೆಯನ್ನೂ ಸೇರಿಸಿ ಸುಮಾರು 930 ಚದರ ಕಿ.ಮೀ. ಅಭಯಾರಣ್ಯ ಮಾಡಿದರು.

ಮಂಗಟ್ಟೆ: ಕತೆಯಲ್ಲಿ ನಾನೊಂದು ತಪ್ಪು ಬರೆದಿದ್ದೆ. ಗಂಡು ಹೆಣ್ಣನ್ನು ಕೂಡಿಹಾಕುವುದಲ್ಲ. ಹೆಣ್ಣೇ ಮರದ ಪೊಟರೆಯೊಳಗೆ ಕೂತು, ಹಿಕ್ಕೆಯಿಂದ ಬಾಗಿಲು ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಿಂದ ಕೊಡುತ್ತದೆ. ಗಂಡನ್ನು ಯಾರಾದರೂ ಹೊಡೆದರೆ ಒಳಗಿನ ತಾಯಿ, ಮರಿ ಎರಡಕ್ಕೂ ಅಪಾಯ.

ಕುಂಬಾರ ಕಪ್ಪೆ: 2014ರಲ್ಲಿ ಕತ್ತಲೆಕಾನಿನಿಂದಲೇ ಹೆಸರಾದ ಕಪ್ಪೆ. ಹಳ್ಳದ ನೀರಿಗಿಂತ ಮೇಲೆ, ಕಡ್ಡಿಯ ಮೇಲೋ ಕಲ್ಲಿನ ಮೇಲೋ ಮೊಟ್ಟೆ ಇಡುತ್ತದೆ. ಆಮೇಲೆ ಗಂಡು ಕಪ್ಪೆ ಮುಂಗಾಲಿನಿಂದ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತದೆ. ಅದಕ್ಕೇ ವಿಜ್ಞಾನಿಗಳು ನಮ್ಮ ಕನ್ನಡದ 'ಕುಂಬಾರ' ಎಂಬ ಹೆಸರನ್ನೇ ಇಟ್ಟರು.

ಕಾಳಿಂಗ ಸರ್ಪ: ಹಾವುಗಳಲ್ಲಿ ಎಲೆ ರಾಶಿಹಾಕಿ ಗೂಡು ಕಟ್ಟುವುದು ಇದೊಂದೇ. ನಮ್ಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು 2024ರಲ್ಲಿ ಗೊತ್ತಾಯಿತು. ಅದರ ಹೆಸರೂ ಕನ್ನಡದ್ದೇ, 'ಕಾಳಿಂಗ'!

ಹಾರುವ ಓತಿ: ಇದನ್ನು ನೋಡಲಿಕ್ಕೆ ಘಟ್ಟ ಹತ್ತಬೇಕೆಂದಿಲ್ಲ. ಅಡಿಕೆ ತೋಟದಲ್ಲಿ ಕತ್ತೆತ್ತಿ ಸುಮ್ಮನೆ ನಿಂತರೆ ಸಾಕು. ಪಕ್ಕೆಲುಬಿಗೆ ಅಂಟಿದ ಚರ್ಮವನ್ನು ಕೊಡೆಯ ಹಾಗೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ತೇಜಸ್ವಿಯವರು 'ಕರ್ವಾಲೋ'ದಲ್ಲಿ ಬರೆದದ್ದು ಇದರ ಬಗ್ಗೆಯೇ.

ಮನುಷ್ಯರು: ಈ ಕಾಡಿನ ಅಂಚಿನಲ್ಲಿ ಕರೆವೊಕ್ಕಲರು, ಕುಂಬ್ರಿ ಮರಾಠಿಗರು, ಹಾಲಕ್ಕಿಗಳು ತಲೆತಲಾಂತರದಿಂದ ಇದ್ದಾರೆ. ನಾನು ಪುಸ್ತಕ ಓದಿ ತಿಳಿದದ್ದನ್ನು ಅವರು ಕಣ್ಣಿಂದ ನೋಡಿ ಬಲ್ಲರು.

ಈಗ ಮುಖ್ಯ ವಿಷಯ

ಕತೆಯ ಕೊನೆಯಲ್ಲಿ ಕತ್ತಲನಾಡಿನ ಮರಗಳು ನಡೆದು ಬೇರೆ ಊರಿಗೆ ಹೋದವು ಎಂದು ಬರೆದಿದ್ದೆ. ಅದೊಂದು ಮಾತ್ರ ನಿಜವಾಗಿಯೂ ಬುರುಡೆ. ಮೊಣಕಾಲಿದ್ದರೂ ಅವು ನಡೆಯಲಾರವು. ಅವುಗಳ ಬೀಜ ದೊಡ್ಡದು. ಒಣಗಿದರೆ ಸತ್ತೇಹೋಯಿತು, ಡಬ್ಬಿಯಲ್ಲಿ ತುಂಬಿ ಇಡಲಿಕ್ಕೆ ಬರುವುದಿಲ್ಲ. ಮಂಗಟ್ಟೆಯಂಥ ದೊಡ್ಡ ಹಕ್ಕಿ ಕೆಂಪು ಪತ್ರೆಯ ಆಸೆಗೆ ನುಂಗಿ, ಬೀಜವನ್ನು ಬೇರೆ ಕಡೆ ಉಗುಳಬೇಕು. ಬಿದ್ದ ಜಾಗದಲ್ಲೂ ಕೆಸರು, ನೆರಳು ಇರಬೇಕು. ಹಕ್ಕಿಗೆ ಪೊಟರೆ ಇರುವ ಹಳೆ ಮರ ಬೇಕು, ಮರಕ್ಕೆ ಹಕ್ಕಿ ಬೇಕು. ಒಂದು ಕೊಂಡಿ ಕಳಚಿದರೆ ಸರಪಳಿಯೇ ಹೋಯಿತು.

ನಮ್ಮ ಅಜ್ಜನ ಹತ್ತಿರ ಕೇಳಿದೆ, "ಅಜ್ಜಾ, ನಮ್ಮಲ್ಲಿ ಜಡ್ಡಿ ಇರ್ಲಿಲ್ವಾ?" ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಇತ್ತು ಮಗಾ. ಈಗ ನಮ್ಮ ಕೆಳಗಿನ ತೋಟ ಇದ್ಯಲ್ಲ, ಅದೇ. ನಾನೇ ಕಡಿದು, ಕಾಲುವೆ ತೆಗೆದು, ಅಡಿಕೆ ಸಸಿ ನೆಟ್ಟದ್ದು. ಎಂತ ಮಾಡೂದು, ಆರು ಮಕ್ಳ ಹೊಟ್ಟೆ ತುಂಬಬೇಕಿತ್ತು." ಆಗ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರು ಓಡುತ್ತಿತ್ತಂತೆ. ಈಗ ಯುಗಾದಿ ಬರುವುದರೊಳಗೆ ಒಣಗುತ್ತದೆ. ಏಪ್ರಿಲಿನಲ್ಲಿ ಆಯಿ ಕೊಡ ಹಿಡಿದು ದೂರ ಹೋಗುತ್ತಾಳೆ.

ಅಜ್ಜನನ್ನು ನಾನು ಬೈಯುವುದಿಲ್ಲ. ಆ ತೋಟದ ಅಡಿಕೆಯಿಂದಲೇ ನಮ್ಮ ಅಪ್ಪ ಓದಿದ್ದು, ನಾನು ಓದುತ್ತಿರುವುದು. ಆದರೆ ಜಡ್ಡಿ ಎಂದರೆ ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ನಿಧಾನ ಬಿಡುವ ಸ್ಪಂಜು ಎಂದು ಆಗ ಯಾರೂ ಅವರಿಗೆ ಹೇಳಿರಲಿಲ್ಲ. ನಮಗೆ ಈಗ ಗೊತ್ತಾಗಿದೆ. ಹಾಗಾಗಿ ಉಳಿದಿರುವ ಜಡ್ಡಿಯನ್ನು ಕಳೆದರೆ ಆ ತಪ್ಪು ನಮ್ಮದೇ.

"ಬುರುಡೆ" ಎಂದು ಬರೆದ ಗೆಳೆಯರೇ, ಬನ್ನಿ, ಭಾನುವಾರ ನಮ್ಮ ತೋಟಕ್ಕೆ. ಹಾರುವ ಓತಿ ತೋರಿಸುತ್ತೇನೆ. ತೋಟದ ಮೂಲೆಯಲ್ಲಿ ಅಜ್ಜ ಕಡಿಯದೇ ಬಿಟ್ಟ ಒಂದು ಮರ ಇದೆ. ಅದರ ಮೊಣಕಾಲನ್ನೂ ಮುಟ್ಟಿ ನೋಡಿ.

ಓದುಗರಿಗೆ ಪ್ರಶ್ನೆ: ನಿಮ್ಮ ಮನೆಯ ಹತ್ತಿರ ಬೇಸಿಗೆಯಲ್ಲೂ ಒಣಗದ ಕೆಸರು ಜಾಗ ಇದೆಯೇ? ಅಲ್ಲಿ ಯಾವ ಮರ ಇದೆ? ಅಜ್ಜ, ಅಜ್ಜಿಯರನ್ನು ಕೇಳಿ ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ನಮ್ಮೂರಿನ ಜಡ್ಡಿಗಳ ನಕ್ಷೆ ಬಿಡಿಸೋಣ.