ಏಳು ತಂತಿಯ ಚೌಡಯ್ಯನವರು

ಕರ್ಣಾಟಕ ಸಂಗೀತದ ಕಚೇರಿಯಲ್ಲಿ ಪಕ್ಕವಾದ್ಯಗಾರನ ಪಾಡು ವಿಚಿತ್ರವಾದುದು. ಗಾಯಕನು ಯಾವ ಕೃತಿಯನ್ನು ಹಾಡಬೇಕು, ಯಾವ ರಾಗವನ್ನು ವಿಸ್ತರಿಸಬೇಕು ಎಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಬರಬಲ್ಲನು. ಪಿಟೀಲುಗಾರನಾದರೋ ಅದಾವುದನ್ನೂ ಅರಿಯದೆ ವೇದಿಕೆಯನ್ನೇರಿ, ಆಲಾಪನೆಯ ಒಂದೊಂದು ಸಂಚಾರವನ್ನೂ ಅರೆಕ್ಷಣದ ಅಂತರದಲ್ಲಿ ಹಿಂಬಾಲಿಸಿ, ತನ್ನ ಸರದಿ ಬಂದಾಗ ಗಾಯಕನು ಕಟ್ಟಿದ ರಸಭಾವವನ್ನು ಕದಡದೆಯೇ ತನ್ನ ವಿದ್ವತ್ತನ್ನು ತೋರಿ, ಕಲ್ಪನಾಸ್ವರಕ್ಕೆ ಮರುನುಡಿ ಕೊಟ್ಟು, ಮತ್ತೆ ಹಿಂದಕ್ಕೆ ಸರಿಯಬೇಕು. ಈ ಪರಾಧೀನವೆಂದು ತೋರುವ ಕಲೆಯಲ್ಲಿಯೇ ಜೀವಮಾನವನ್ನು ಸವೆಸಿ, ದಕ್ಷಿಣದ ಪಿಟೀಲುವಾದನಕ್ಕೆ ತಮ್ಮದೇ ಆದ ಮುದ್ರೆಯನ್ನೊತ್ತಿದವರು ಮೈಸೂರು ಟಿ. ಚೌಡಯ್ಯನವರು.

ಹೆಸರಿನ ಮುಂದಿನ 'ಟಿ' ಎಂಬುದು ತಿರುಮಕೂಡಲು. ಕಾವೇರಿಯೂ ಕಪಿಲೆಯೂ ಕೂಡುವ, ಅಗಸ್ತ್ಯೇಶ್ವರನ ಸನ್ನಿಧಿಯಿಂದ ಪುನೀತವಾದ ಆ ಕ್ಷೇತ್ರದಲ್ಲಿ 1895ರಲ್ಲಿ ಜನಿಸಿದ ಚೌಡಯ್ಯನವರು, 1910ರಲ್ಲಿ ಮೈಸೂರಿನ ಆಸ್ಥಾನವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ದಾಸರ ಪದಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ಕಲ್ಪಿಸಿದವರು; ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು; ಶಿಷ್ಯರ ವಿಷಯದಲ್ಲಿ ಮಾತ್ರ ಬಲು ಕಠಿಣರು. ಅವರು ಗಾಯಕರೇ ಹೊರತು ಪಿಟೀಲುಗಾರರಲ್ಲ. ಗಾಯಕನೊಬ್ಬನ ಕೈಕೆಳಗೆ ಬೆಳೆದ ಕಾರಣದಿಂದಲೇ ಚೌಡಯ್ಯನವರ ಕಮಾನಿಗೆ ಕಂಠದ ಹದ ದೊರೆಯಿತೆಂದು ನನ್ನ ಎಣಿಕೆ. ಸಾಹಿತ್ಯದ ಪದವು ಎಲ್ಲಿ ಒಡೆಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ವಾದ್ಯವೊಂದನ್ನೇ ಬಲ್ಲ ಗುರು ಅಷ್ಟು ನಿಷ್ಠುರವಾಗಿ ಕಲಿಸಲಾರನು.

ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ನಮ್ಮದಾದ ಈ ಪಾಶ್ಚಾತ್ಯವಾದ್ಯಕ್ಕೆ ಒಂದು ಕೊರತೆ ಅಂಟಿಕೊಂಡೇ ಇತ್ತು. ಪಿಟೀಲನ್ನು ಗಾಯಕನ ಶ್ರುತಿಗೆ ಹೊಂದಿಸುವಾಗ ಷಡ್ಜ ಪಂಚಮ, ಷಡ್ಜ ಪಂಚಮವೆಂದು ನಾಲ್ಕು ತಂತಿಗಳನ್ನೂ ಕೂಡಿಸಬೇಕಾಗುತ್ತದೆ. ಪುರುಷಕಂಠದ ತಗ್ಗಿದ ಶ್ರುತಿಗಾಗಿ ಯೂರೋಪಿನ ಸಂಪ್ರದಾಯಕ್ಕಿಂತ ಬಿಗಿಯನ್ನು ಸಡಿಲಿಸಬೇಕಾಗಿ, ಅದರೊಡನೆ ನಾದವೂ ಸೊರಗುತ್ತದೆ. ಧ್ವನಿವರ್ಧಕವು ಇನ್ನೂ ಬಳಕೆಗೆ ಬಾರದ ಆ ದಿನಗಳಲ್ಲಿ, ಚೆಂಬೈ ವೈದ್ಯನಾಥ ಭಾಗವತರಂತಹ ತುಂಬುಕಂಠದ ಗಾಯಕರ ಪಕ್ಕದಲ್ಲಿ ಕುಳಿತ ಪಿಟೀಲಿನ ದನಿ ಕೊನೆಯ ಸಾಲಿನವರನ್ನು ಮುಟ್ಟುವುದು ದುಸ್ತರವಾಗಿತ್ತು. ಮುಂದಿನ ಸಾಲಿನ ಜಮೀನುದಾರರಿಗೂ ದಿವಾನರಿಗೂ ಕೇಳಿದರೆ ಸಾಕೆಂದು ಸುಮ್ಮನಿರಬಹುದಾಗಿತ್ತು, ಚೌಡಯ್ಯನವರು ಸುಮ್ಮನಿರಲಿಲ್ಲ. 1927ರ ಸುಮಾರಿಗೆ ಅವರು ತಮ್ಮ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಜೊತೆಗೂಡಿಸಿ, ಒಂದೇ ಎಳೆತದಲ್ಲಿ ಜೋಡಿತಂತಿಗಳು ಒಟ್ಟಿಗೆ ನುಡಿಯುವಂತೆ ಮಾಡಿದರು. ನಾದವು ಹಿಗ್ಗಿತು, ಅದಕ್ಕೊಂದು ಗಾಂಭೀರ್ಯವೂ ಬಂದಿತು. ಗುರುಗಳಿಗೆ ತಿಳಿಸದೆಯೇ ಅವರು ಈ ವಾದ್ಯವನ್ನು ಕಚೇರಿಗಳಲ್ಲಿ ನುಡಿಸತೊಡಗಿದ್ದರೆಂದೂ, ಬಳಿಕ ಸಂಗತಿಯನ್ನು ಅರಿತ ಕೃಷ್ಣಪ್ಪನವರು ಪರೀಕ್ಷಿಸಿ ನೋಡಿ ಆಶೀರ್ವದಿಸಿದರೆಂದೂ ಸಂಗೀತವಲಯದಲ್ಲಿ ಹೇಳುತ್ತಾರೆ.

ಆದರೆ ಏಳು ತಂತಿಯೆಂದರೆ ಏಳು ಬಗೆಯ ತೊಡಕು. ಜೋಡಿತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಕರ್ಕಶವು ಇಮ್ಮಡಿಯಾಗುವುದು. ಗಮಕಕ್ಕಾಗಿ ಜಾರುವ ಬೆರಳು ಎರಡು ತಂತಿಗಳನ್ನೂ ಸಮನಾಗಿ ಒತ್ತಿಕೊಂಡೇ ಜಾರಬೇಕು. ಆ ಕಾಲದ ಪಿಟೀಲಿನ ಮಹಾಮಹಿಮರೆಂದರೆ ಚೌಡಯ್ಯನವರ ಜೊತೆಗೆ ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರೂ ದ್ವಾರಂ ವೆಂಕಟಸ್ವಾಮಿ ನಾಯುಡು ಅವರೂ. ಆ ಇಬ್ಬರೂ ನಾಲ್ಕು ತಂತಿಗಳಲ್ಲಿಯೇ ಅಮರರಾದರು. ಧ್ವನಿವರ್ಧಕವು ಎಲ್ಲೆಡೆ ಬಂದಮೇಲಂತೂ ಚೌಡಯ್ಯನವರ ದಾರಿಯನ್ನು ಹಿಡಿದವರು ವಿರಳ. ಇದು ಆ ಪ್ರಯೋಗದ ಸೋಲೆನ್ನುವವರಿದ್ದಾರೆ. ಬಳಿಕ ಇಲ್ಲದಾದ ಅವಶ್ಯಕತೆಯನ್ನು ಮುಂದಿಟ್ಟುಕೊಂಡು ಅದು ಇದ್ದಾಗ ನೀಗಿಸಿದವನನ್ನು ಅಳೆಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಚೆಂಬೈ, ಚೌಡಯ್ಯ, ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್: ಈ ಮೂವರ ಮೇಳ ಒಂದು ಕಾಲದ ರಸಿಕರ ಪಾಲಿನ ಹಬ್ಬ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರಿಗೂ, ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರಿಗೂ ಚೌಡಯ್ಯನವರು ಪಕ್ಕವಾದ್ಯ ನುಡಿಸಿದರು. ಮೈಸೂರಿನ ಆಸ್ಥಾನವಿದ್ವಾಂಸರಾದರು, ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿದರು, 1943ರಲ್ಲಿ 'ವಾಣಿ' ಎಂಬ ಚಲನಚಿತ್ರದ ನಿರ್ಮಾಣಕ್ಕೂ ಕೈಹಾಕಿದರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ 'ಸಂಗೀತ ಕಲಾನಿಧಿ' ಬಿರುದನ್ನಿತ್ತು ಗೌರವಿಸಿತು. 1967ರ ಜನವರಿಯಲ್ಲಿ ಅವರು ಕಾಲವಾದರು.

ಅವರ ವಾಗ್ಗೇಯಕಾರತ್ವದ ಮಾತು ಬಂದರೆ ಒಂದು ಕೊರಗು. 'ತ್ರಿಮಕುಟ' ಎಂಬ ಅಂಕಿತದಲ್ಲಿ, ಹುಟ್ಟೂರಿನ ಹೆಸರನ್ನೇ ದೇವಭಾಷೆಯ ಉಡುಗೆಯಲ್ಲಿಟ್ಟು, ಅವರು ವರ್ಣ, ಕೃತಿ, ತಿಲ್ಲಾನಗಳನ್ನು ರಚಿಸಿದರು. ವಾದ್ಯಗಾರನ ರಚನೆಗೆ ಒಂದು ಸಹಜ ವಿಘ್ನವುಂಟು: ಅದನ್ನು ವೇದಿಕೆಯ ಮೇಲೆ ನಿಲ್ಲಿಸುವವನು ಗಾಯಕ, ಪಕ್ಕದಲ್ಲಿ ಕುಳಿತವನು ಏನನ್ನು ನುಡಿಸಬೇಕೆಂದು ಗೊತ್ತುಮಾಡುವವನೂ ಅವನೇ. ಬೆಂಗಳೂರಿನ ಮಲ್ಲೇಶ್ವರದ ಬಳಿ, 1980ರಲ್ಲಿ ಅವರ ಹೆಸರಿನಿಂದ ಪಿಟೀಲಿನಾಕೃತಿಯಲ್ಲಿಯೇ ಎದ್ದುನಿಂತ ಸ್ಮಾರಕಭವನವನ್ನು ಬಲ್ಲವರು ಅಸಂಖ್ಯರು; ಅವರ ಕೃತಿಗಳನ್ನು ಬಲ್ಲವರು ವಿರಳ. ಆ ಭವನದಲ್ಲಿ ನಡೆಯುವ ಕಚೇರಿಗಳಲ್ಲಿ ತ್ರಿಮಕುಟಾಂಕಿತದ ಒಂದು ಕೃತಿಯನ್ನಾದರೂ ಹಾಡುವ ವಾಡಿಕೆಯನ್ನು ನಮ್ಮ ಗಾಯಕರು ಬೆಳೆಸಿಕೊಂಡರೆ, ಚೌಡಯ್ಯನವರು ಮಾಡಿದ ಸಹವಾದನದ ಋಣದಲ್ಲಿ ಸ್ವಲ್ಪವಾದರೂ ತೀರೀತು.