ಕುದುರೆಮುಖದ ಹುಲ್ಲುಗುಡ್ಡಗಳೂ ನಮ್ಮ ಹಳ್ಳದ ನೀರೂ

ಕಳಸದಿಂದ ಕುದುರೆಮುಖದತ್ತ ಹೋಗುವಾಗ ಎದುರಾಗುವ ಹುಲ್ಲುಗುಡ್ಡಗಳನ್ನು ಕಂಡು, "ಇಷ್ಟು ಜಾಗ ಬೋಳಾಗಿ ಬಿದ್ದಿದೆಯಲ್ಲ, ಗಿಡವನ್ನಾದರೂ ನೆಡಬಾರದೆ?" ಎಂದು ಕೇಳುವವರು ಬೆಳೆಗಾರ ಬಂಧುಗಳಲ್ಲೂ ಇದ್ದಾರೆ. ಗೇಣು ನೆಲವನ್ನೂ ಖಾಲಿ ಬಿಡದವರು ನಾವು, ಕೇಳುವುದು ಸಹಜ. ಆದರೆ ಆ ಗುಡ್ಡ ಖಾಲಿಯಾಗಿಲ್ಲ.

ಗಾಳಿ ಬಡಿಯುವ, ಮಣ್ಣು ತೆಳುವಾದ ನೆತ್ತಿಯಲ್ಲಿ ಹುಲ್ಲು. ಮಣ್ಣು, ತೇವ ನಿಲ್ಲುವ ಕಣಿವೆಯ ಮಡಿಲಲ್ಲಿ ದಟ್ಟ ಶೋಲಾ ಕಾಡು. ಮಳೆಗಾಲದ ನೀರು ಹುಲ್ಲಿನ ಬೇರುಗಳ ನಡುವೆ ಇಂಗಿ, ಶೋಲಾದ ತರಗೆಲೆಯಡಿ ಜಿನುಗಿ, ಹಳ್ಳಕ್ಕೆ ಸೇರುತ್ತದೆ. ಬೇಸಿಗೆಯಲ್ಲಿ ನಮ್ಮ ತೋಟಕ್ಕೆ ಹಿಂದೆ ಅಡಿಕೆ ದಂಬೆಯಲ್ಲಿ, ಈಗ ಪೈಪಿನಲ್ಲಿ ಬರುವುದು ಈ ನೀರೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇದೇ ಬೆಟ್ಟಸಾಲಿನಲ್ಲಿ.

ಈ ಗುಡ್ಡವನ್ನು ಅಗೆದರೆ ಏನಾಗುತ್ತದೆಂದು ಅದಿರು ಗಣಿಯ ಕಾಲದಲ್ಲಿ ಭದ್ರೆಗೆ ಇಳಿದ ಹೂಳೇ ತೋರಿಸಿತು. 1987ರಲ್ಲಿ ಸುಮಾರು 600 ಚದರ ಕಿ.ಮೀ. ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಗಣಿ ಮಾತ್ರ ನಡೆದೇ ಇತ್ತು; ಸುಪ್ರೀಂ ಕೋರ್ಟಿನ 2002ರ ತೀರ್ಪಿನ ಮೇಲೆ 2005ರ ಕೊನೆಗೆ ನಿಂತಿತು.

ಉದ್ಯಾನದ ದಟ್ಟ ಕಾಡಿನಲ್ಲಿ ಸಿಂಗಳೀಕವಿದೆ. ನೆಲಕ್ಕಿಳಿಯುವುದು ಅಪರೂಪವಾದ ಈ ಪ್ರಾಣಿಗೆ ಕೊಂಬೆಗೆ ಕೊಂಬೆ ತಾಗುವ ಕಾಡೇ ದಾರಿ. ಹುಲ್ಲಿಗೆ ಕಡವೆ, ಕಾಟಿ ಬರುತ್ತವೆ. (ಕಾಟಿ ತೋಟಕ್ಕೆ ನುಗ್ಗಿದ ಮರುದಿನ ಈ ಮಾತು ಯಾರಿಗೂ ರುಚಿಸದು, ಬಲ್ಲೆ.)

ಇನ್ನು ಗಿಡ ನೆಡುವ ಮಾತು. ನೀಲಗಿರಿಯ ಹುಲ್ಲುಗಾವಲಿನಲ್ಲಿ ಹೀಗೆಯೇ ನೆಟ್ಟ ವ್ಯಾಟಲ್ ತಾನಾಗಿ ಹಬ್ಬಿ ಹುಲ್ಲನ್ನು ನುಂಗಿತು. ಈಗ ಅಲ್ಲಿ ಅದನ್ನು ಕಿತ್ತು ಮತ್ತೆ ಹುಲ್ಲು ಬೆಳೆಸಲು ಒದ್ದಾಡುತ್ತಿದ್ದಾರೆ.

ಅದಕ್ಕಿಂತ ಹತ್ತಿರದ ಅಪಾಯ ಬೆಂಕಿ. ಎಳೆಹುಲ್ಲು ಚಿಗುರಲೆಂದು ಹಚ್ಚಿದ್ದೋ, ಬ್ಯಾಣದಲ್ಲಿ ಕಸ ಸುಟ್ಟಾಗ ಕೈಮೀರಿದ್ದೋ, ಫೆಬ್ರವರಿ-ಮಾರ್ಚಿನಲ್ಲಿ ಗುಡ್ಡ ಹತ್ತುತ್ತದೆ. ಹುಲ್ಲಿನ ಬೇರು ಉಳಿದೀತು. ಶೋಲಾದ ಅಂಚಿನ ಸಸಿ ಉಳಿಯದು. ಪ್ರತಿ ಬೆಂಕಿಗೂ ಕಾಡು ಒಂದಿಷ್ಟು ಹಿಂದೆ ಸರಿಯುತ್ತದೆ. ಬರಿದಾದ ಮಣ್ಣು ಜೂನಿನ ಮೊದಲ ಮಳೆಗೆ ಹಳ್ಳಕ್ಕಿಳಿಯುತ್ತದೆ. ಉದ್ಯಾನದೊಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯಿದೆಯಡಿ ಅಪರಾಧವೂ ಹೌದು.

ಆದ್ದರಿಂದ ಉದ್ಯಾನಕ್ಕೆ ತಾಗಿದ ಜಮೀನಿರುವ ಸದಸ್ಯರು ಕಸ ಸುಡುವ ಬದಲು ಗೊಬ್ಬರದ ಗುಂಡಿಗೆ ಹಾಕಿರಿ. ಸುಡಲೇಬೇಕಾದರೆ ಸುತ್ತ ಅಗಲವಾಗಿ ಕೆತ್ತಿ, ನೆರೆಯವರಿಗೆ ತಿಳಿಸಿ, ಗಾಳಿಯಿಲ್ಲದ ಮುಂಜಾನೆಯೇ ಮುಗಿಸಿರಿ; ಕೆಂಡ ಆರುವವರೆಗೆ ಒಬ್ಬರು ಅಲ್ಲೇ ಇರಲಿ. ಗಿಡ ನೆಡುವ ಹುರುಪಿದ್ದವರಿಗೆ ಹಳ್ಳದ ದಂಡೆಯಿದೆ, ಸೊಪ್ಪಿನಬೆಟ್ಟದ ಖಾಲಿ ಜಾಗವಿದೆ. ಅಲ್ಲಿ ನೇರಳೆ, ಹಲಸು, ದಾಲ್ಚಿನ್ನಿ ನೆಡಬಹುದು. ಅಕೇಶಿಯಾ ಬೇಡ.