ಮುರಿದದ್ದು ತೊಡೆ, ಕಾರಣ ಕೊರಳಲ್ಲಿ

1925ರ ವಿಯೆನ್ನಾ. ಟ್ರಾಮ್ ಕಂಡಕ್ಟರೊಬ್ಬ ಆಸ್ಪತ್ರೆಯಲ್ಲಿ ಮಲಗಿದ್ದ. ವರ್ಷಗಟ್ಟಲೆ ಮೂಳೆನೋವು ಉಂಡವನು, ಬಿದ್ದದ್ದೇ ನೆಪವಾಗಿ ತೊಡೆಮೂಳೆ ಮುರಿದುಕೊಂಡಿದ್ದ. ಎಕ್ಸ್‌ರೇ ತೆಗೆದರೆ ಮೂಳೆಗಳೆಲ್ಲ ಸವೆದು ಅಲ್ಲಲ್ಲಿ ಪೊಳ್ಳಾಗಿದ್ದವು. ಮೂತ್ರ ಹಿಡಿದಿಟ್ಟರೆ ತಳದಲ್ಲಿ ಬೆಳ್ಳನೆಯ ಗಸಿ ನಿಲ್ಲುತ್ತಿತ್ತು. ಅದು ಕ್ಯಾಲ್ಸಿಯಂ. ಅವನ ಮೂಳೆಗಳೇ ಕರಗಿ ಮೂತ್ರದಲ್ಲಿ ಹರಿದುಹೋಗುತ್ತಿದ್ದವು.

ಮೂಳೆ ಹೀಗೆ ಪೊಳ್ಳಾಗಿ ನಾರುಗಟ್ಟುವ ರೋಗವನ್ನು 1891ರಲ್ಲೇ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ವಿವರಿಸಿದ್ದ. ಕಾರಣ ಮಾತ್ರ ಗೊತ್ತಿರಲಿಲ್ಲ. ಅದು ಮೂಳೆಯಿಂದ ಬಹುದೂರ, ಕೊರಳಿನ ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಅಡಗಿತ್ತು. ಈ ಗ್ರಂಥಿ ಮೊದಲು ಕಣ್ಣಿಗೆ ಬಿದ್ದದ್ದು ಮನುಷ್ಯನಲ್ಲಲ್ಲ. ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದನ್ನು ಕೊಯ್ದು ನೋಡಿದ ರಿಚರ್ಡ್ ಓವನ್, 1850ರ ಸುಮಾರಿಗೆ ಅದನ್ನು ದಾಖಲಿಸಿದ. 1880ರಲ್ಲಿ ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್ 50 ಶವಗಳನ್ನು ಪರೀಕ್ಷಿಸಿ, ಮನುಷ್ಯರಲ್ಲೂ ಇದೆಯೆಂದು ಬರೆದ. ಆಗ ಅದಕ್ಕೆ ಕಿವಿಗೊಟ್ಟವರು ಕಡಿಮೆ. 1889ರಲ್ಲಿ ಅವನು ತೀರಿಕೊಂಡ, ತನ್ನ ಶೋಧದ ಬೆಲೆ ತಿಳಿಯುವ ಮೊದಲೇ.

1904ರಲ್ಲಿ ಮ್ಯಾಕ್ಸ್ ಅಸ್ಕನಾಜಿ ಎಂಬಾತ, ಮೂಳೆ ಹಾಳಾಗಿ ಸತ್ತ ರೋಗಿಯೊಬ್ಬರ ಕೊರಳಲ್ಲಿ ಪ್ಯಾರಾಥೈರಾಯ್ಡ್ ಗಡ್ಡೆ ಕಂಡ. ನಂಟಿದೆ ಎಂಬುದು ಸ್ಪಷ್ಟವಾಯಿತು. ಆದರೆ ಯಾವುದು ಮೊದಲು? ವಿಯೆನ್ನಾದ ಯಾಕೋಬ್ ಎರ್ಡ್‌ಹೈಮ್ ಹೇಳಿದ: ಮೂಳೆ ಕೆಟ್ಟಿದ್ದರಿಂದ ಅದನ್ನು ಕಾಪಾಡಲು ಗ್ರಂಥಿ ದಪ್ಪಗಾಗಿದೆ. ಇದು ಹುಂಬ ವಾದವಲ್ಲ. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾದವರಲ್ಲಿ ಗ್ರಂಥಿಗಳು ಊದುವುದು ನಿಜವಾಗಿಯೂ ಹಾಗೆಯೇ. 1915ರಲ್ಲಿ ಶ್ಲಾಗೆನ್‌ಹೌಫರ್ ಎಂಬಾತ ಮಾತ್ರ ತಕರಾರು ತೆಗೆದ: ಪರಿಹಾರಕ್ಕಾಗಿ ಊದುವುದಾದರೆ ನಾಲ್ಕೂ ಊದಬೇಕು, ಒಂದೇ ಏಕೆ? ಆ ಒಂದನ್ನು ಕಿತ್ತು ನೋಡಿ ಎಂದ. ನನ್ನ ಮಟ್ಟಿಗೆ ಈ ಕತೆಯ ಅತಿ ಚುರುಕಾದ ಪ್ರಶ್ನೆ ಇದೇ. ಹತ್ತು ವರ್ಷ ಅದು ಹಾಗೇ ಬಿದ್ದಿತ್ತು.

ಕಂಡಕ್ಟರನ ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್ ಕೂಡ ಮೊದಲು ಹಿಡಿದದ್ದು ಎರ್ಡ್‌ಹೈಮನ ದಾರಿಯನ್ನೇ. ಪ್ಯಾರಾಥೈರಾಯ್ಡ್ ಸಾರ ಕೊಟ್ಟ. ಗುಣವಾಗಲಿಲ್ಲ. ಅಪಘಾತದಲ್ಲಿ ಸತ್ತವನೊಬ್ಬನ ಗ್ರಂಥಿಗಳನ್ನು ತೆಗೆದು ಕಸಿ ಮಾಡಿದ. ಆಗಲೂ ಇಲ್ಲ. ಕೊಟ್ಟು ಸೋತಮೇಲೆ ಉಳಿದದ್ದು ಕೀಳುವ ದಾರಿ. 1925ರ ಜುಲೈ 30ರಂದು, ಕೊರಳನ್ನಷ್ಟೇ ಮರಗಟ್ಟಿಸಿ, ರೋಗಿ ಎಚ್ಚರವಿರುವಾಗಲೇ ಕೊಯ್ದ. ಗಡ್ಡೆ ಸಿಕ್ಕಿತು, ತೆಗೆದ. ಕೆಲವೇ ದಿನಗಳಲ್ಲಿ ಮೂತ್ರದ ಕ್ಯಾಲ್ಸಿಯಂ ಇಳಿಯಿತು. ಮುಂದಿನ ತಿಂಗಳುಗಳಲ್ಲಿ ನೋವು ಹೋಯಿತು, ಮೂಳೆ ಗಟ್ಟಿಯಾಗತೊಡಗಿತು, ಹಾಸಿಗೆ ಹಿಡಿದವನು ಕೋಲೂರಿ ನಡೆದ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಮೂಳೆಯಿಂದ ಒಂದಿಷ್ಟು ಬಿಡಿಸಿ ತಂದು ಸರಿದೂಗಿಸುವುದು ಈ ಗ್ರಂಥಿಯ ಕಸುಬು. ಗಡ್ಡೆಯಾದರೆ ಅದಕ್ಕೆ ಸಾಕೆಂಬುದೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಮೂಳೆ ಖಾಲಿಯಾಗುತ್ತದೆ. ಹೆಚ್ಚಾದ ಕ್ಯಾಲ್ಸಿಯಂ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಅಂಥ ಮೂಳೆಗೆ ಪ್ಲಾಸ್ಟರ್ ಹಾಕಿದರಷ್ಟೇ ಸಾಲದು.

ಕಂಡಕ್ಟರನ ಕತೆ ಸುಖಾಂತವಾಗಲಿಲ್ಲ. ಕೆಲವು ವರ್ಷಗಳ ನಂತರ ರೋಗ ಮರುಕಳಿಸಿತು, 1936ರಲ್ಲಿ ಅವನು ತೀರಿಕೊಂಡ. 1938ರಲ್ಲಿ ನಾಜಿಗಳು ಬಂದಾಗ ಯಹೂದಿಯಾದ ಮಾಂಡ್ಲ್ ವಿಯೆನ್ನಾ ಬಿಟ್ಟು ಜೆರುಸಲೇಮಿಗೆ ಹೋಗಬೇಕಾಯಿತು. ಚಿಕಿತ್ಸೆ ಉಳಿಯಿತು, ಇಂದಿಗೂ ಗಡ್ಡೆ ತೆಗೆಯುವುದೇ ಇದಕ್ಕೆ ಮದ್ದು.

ಪಶ್ಚಿಮದ ದೇಶಗಳಲ್ಲಿ ಈ ರೋಗ ಹೆಚ್ಚಾಗಿ ಮಾಮೂಲಿ ರಕ್ತಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ನಮ್ಮ ದೇಶದಲ್ಲಿ ಮೂಳೆ ಮುರಿದುಕೊಂಡ ಮೇಲೆ ಗೊತ್ತಾಗುವವರು ಈಗಲೂ ಇದ್ದಾರೆ. ಸಣ್ಣ ಪೆಟ್ಟಿಗೇ ಮೂಳೆ ಮುರಿದರೆ, ಜೊತೆಗೆ ಮೂತ್ರಪಿಂಡದಲ್ಲಿ ಮತ್ತೆ ಮತ್ತೆ ಕಲ್ಲಾಗುತ್ತಿದ್ದರೆ, ರಕ್ತದ ಕ್ಯಾಲ್ಸಿಯಂ ನೋಡಿಸಬೇಕೇ ಎಂದು ವೈದ್ಯರನ್ನು ನೀವೇ ಕೇಳಿ.